ತಮ್ಮ ಕೂತಲ್ಲಿಂದಲೇ ಮಾಡಿಸಿದ ರಿಪೇರಿ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಅರಕಲಗೂಡಿನಲ್ಲಿ ನಾನೂ ನನ್ನ ತಮ್ಮನೂ ಒಂದು ಬಾಡಿಗೆ ಕಾರು ಇಟ್ಟುಕೊಂಡಿದ್ದೆವು. ಓಡಿಸುವವನು ನಾನು, ಇಂಜಿನ್ನಿನ ಒಳಹೊರಗು ಗೊತ್ತಿದ್ದವನು ಅವನು. ಮೀಸೆ ಮೂಡುವ ಕಾಲಕ್ಕೇ ಚನ್ನರಾಯಪಟ್ಟಣಕ್ಕೆ ಹೋಗಿ, ಬಸ್ಸಿನ ಮಾಲೀಕರೊಬ್ಬರ ಷೆಡ್ಡಿನಲ್ಲಿ ಕೆಲಸ ಕಲಿತಿದ್ದ. ಊರಿಗೆ ಮರಳುವಾಗ ಸ್ಪ್ಯಾನರುಗಳ ಗಂಟಿನ ಜೊತೆಗೆ ಕೆಮ್ಮನ್ನೂ ತಂದ. ಹೊಗೆಯ ಕೆಮ್ಮು, ಹೋಗುತ್ತದೆ ಅಂದುಕೊಂಡೆವು. ಕಫದಲ್ಲಿ ರಕ್ತ ಕಂಡ ಮೇಲೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ ಪರೀಕ್ಷೆ ಮಾಡಿ, ನನ್ನೊಬ್ಬನನ್ನೇ ಹೊರಗೆ ಕರೆದು, ಕ್ಷಯ ಅಂದರು. ಆಗ ಅದಕ್ಕೆ ಸರಿಯಾದ ಮದ್ದಿರಲಿಲ್ಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಅಂದರು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಹೊಸಿಲು ದಾಟುವಂತಿರಲಿಲ್ಲ. ಅವ್ವ ಯಾರನ್ನೂ ಕೇಳಲಿಲ್ಲ. ತಾನೇ ತಂದು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿ, ಮುಖ ಅತ್ತ ತಿರುಗಿಸಿಕೊಂಡು ಅವನಿಗೆ ಕೊಡುತ್ತಿದ್ದಳು.

ಆ ಬೇಸಿಗೆಯಲ್ಲಿ ಕಾರಿಗೂ ಒಂದು ತೊಂದರೆ ಶುರುವಾಯಿತು. ಹೊಳೆನರಸೀಪುರಕ್ಕೆ ಮದುವೆಯವರನ್ನು ಕರೆದುಕೊಂಡು ಹೋಗುವಾಗ ಇಂಜಿನ್ನಿನ ಶಾಖ ತೋರಿಸುವ ಮೀಟರಿನ ಮುಳ್ಳು ಇದ್ದಕ್ಕಿದ್ದಂತೆ ಮೇಲೇರಿತು. ಗಾಬರಿಯಾಗಿ ನಿಧಾನ ಮಾಡಿದೆ, ಇಳಿಯಿತು. ಮತ್ತೆ ಓಡಿಸಿದೆ, ಮತ್ತೆ ಏರಿತು. ರೇಡಿಯೇಟರಿಗೆ ಹೊಳೆಯ ನೀರು ತುಂಬಿ ನೋಡಿದರೂ ಅದೇ ಕಥೆ. ಹೇಗೋ ಊರು ಸೇರಿ, ಜಗಲಿಯ ಮೇಲೆ ಮಲಗಿದ್ದ ತಮ್ಮನಿಗೆ ಹೇಳಿದೆ. ಅವನು ಗೋಡೆಗೆ ಒರಗಿ ಕೂತ.

"ನಿಂತಿದ್ದಾಗ ಏರ್ತದೋ, ಜೋರಾಗಿ ಓಯ್ತಾ ಇದ್ದಾಗ ಏರ್ತದೋ?"

"ಜೋರಾಗಿ ಓದಾಗ."

"ಅಂಗಾರೆ ಫ್ಯಾನಿನ ತಪ್ಪಲ್ಲ ಕಣಣ್ಣಯ್ಯ. ಫ್ಯಾನು ಕೆಟ್ಟಿದ್ರೆ ನಿಂತಿದ್ದಾಗ ಏರಬೇಕಿತ್ತು."

ಅವ್ವ ಒಳಗಿನಿಂದ, "ಮನಿಕೋ ಮಗ, ಕಾರೇನು ಓಡೋಯ್ತದಾ?" ಅಂದಳು.

"ಮನಗಿ ಮನಗಿ ಸಾಕಾಗೈತೆ ಕಣವ್ವ."

ಮಾರನೆಯ ಬೆಳಿಗ್ಗೆ ಹೊಂಗೆ ಮರದ ನೆರಳಿಗೆ ಕಾರು ತಂದು, ಪಕ್ಕದಲ್ಲಿ ಅವನಿಗೊಂದು ಕುರ್ಚಿ ಹಾಕಿದೆ. ಮೊದಲು ಮೀಟರೇ ಸುಳ್ಳು ಹೇಳುತ್ತಿದೆಯೋ ನೋಡಬೇಕು ಅಂದ. ಅದರ ಸಣ್ಣ ಕೊಳವೆಯ ತುದಿಯನ್ನು ಇಂಜಿನ್ನಿನಿಂದ ಬಿಚ್ಚಿಸಿ, ಅವ್ವ ಕಾಯಿಸಿ ಕೊಟ್ಟ ಬಿಸಿನೀರಿನ ಚೆಂಬಿನಲ್ಲಿ ಅದ್ದಿಸಿದ. ಮುಳ್ಳು ನಿಧಾನವಾಗಿ ಏರಿ ಒಂದೇ ಕಡೆ ನಿಂತಿತು. ಮೀಟರು ಸರಿಯಿತ್ತು. ಅದನ್ನು ಮತ್ತೆ ಕೂರಿಸಿದ ಮೇಲೆ ರೇಡಿಯೇಟರಿನ ಅಡಿಯಿಂದ ಇಂಜಿನ್ನಿಗೆ ನೀರು ಹೋಗುವ ರಬ್ಬರ್ ಪೈಪಿನ ಮೇಲೆ ನನ್ನ ಕೈ ಇಡಿಸಿ, ಇಂಜಿನ್ನನ್ನು ಜೋರು ಮಾಡಲು ಅವ್ವನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದ.

"ಬಲಗಾಲ ತಾವ ಇರೋದ ಮೆಲ್ಲಗೆ ತುಳಿಯವ್ವ!"

ಅವ್ವ "ಶಿವನೇ" ಅಂದು ತುಳಿದಳು. ಇಂಜಿನ್ನು ಜೋರಾದಂತೆ ನನ್ನ ಕೈಯೊಳಗೆ ಪೈಪು ಚಪ್ಪಟೆಯಾಯಿತು. ಕಾಲು ತೆಗೆದಾಗ ಮತ್ತೆ ಉಬ್ಬಿತು. ರಬ್ಬರು ಹಳೆಯದಾಗಿ ಮೆತ್ತಗಾಗಿತ್ತು. ಪಂಪು ನೀರು ಎಳೆಯುವ ರಭಸಕ್ಕೆ ಅದು ಕುಗ್ಗಿ, ನೀರಿನ ದಾರಿ ಮುಚ್ಚುತ್ತಿತ್ತು. ತಮ್ಮ ನಕ್ಕ. ಎಷ್ಟೋ ದಿನದ ಮೇಲೆ ಆ ನಗು ನೋಡಿದೆವು. ಸೀಟಿನಲ್ಲಿ ಕೂತೇ ಅವ್ವನೂ ನಕ್ಕಳು.

ಯುದ್ಧದ ಕಾಲದಲ್ಲಿ ಹೊಸ ಪೈಪು ಹಾಸನದಲ್ಲೂ ಸಿಗುತ್ತಿರಲಿಲ್ಲ. ತನ್ನ ಗಂಟಿನಲ್ಲಿದ್ದ ದಪ್ಪ ತಂತಿಯನ್ನು ಹಾರೆಗೆ ಸುತ್ತಿ ಸುರುಳಿ ಮಾಡಿ, ಪೈಪಿನೊಳಗೆ ತೂರಿಸೋಣ, ಅದು ಕುಗ್ಗದಂತೆ ತಡೆಯುತ್ತದೆ ಅಂದ. ನಾನು ಸುತ್ತುತ್ತೇನೆ ಅಂದರೆ ಕೇಳಲಿಲ್ಲ. ಹಾರೆ ಹಿಡಿದುಕೊಂಡು ಕೂತೆ. ಅವನು ಒಂದು ಸುತ್ತು ಎಳೆದು ಉಸಿರು ಕಟ್ಟಿ ಕೆಮ್ಮುವನು, ಸುಧಾರಿಸಿಕೊಂಡು ಇನ್ನೊಂದು ಸುತ್ತು ಎಳೆಯುವನು. ಬೆರಳುಗಳು ಕಡ್ಡಿಯಾಗಿದ್ದವು. ಅವ್ವ ನೋಡಲಾರದೆ ಒಳಗೆ ಹೋದಳು. ಸುರುಳಿ ಮಾತ್ರ ಅಚ್ಚುಕಟ್ಟಾಗಿ ಬಂತು.

ಪೈಪು ಜೋಡಿಸಿ, ನೀರು ತುಂಬಿ, ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಳೆನರಸೀಪುರದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿದೆ. ಜೋರು ಮಾಡಿದರೂ ಮುಳ್ಳು ಅಲುಗಲಿಲ್ಲ.

"ಆ ತಂತೀನ ಆಗಾಗ ತಗ್ದು ನೋಡ್ತಿರಣ್ಣಯ್ಯ. ತುಕ್ಕಿಡೀತದೆ," ಅಂದ.

"ನೀನೇ ನೋಡೀಯಂತೆ ಬಿಡ್ಲಾ."

ಅವನು ಕಿಟಕಿಗೆ ತಲೆ ಆನಿಸಿಕೊಂಡು ಹೊಗೆಸೊಪ್ಪಿನ ಹೊಲಗಳನ್ನೇ ನೋಡುತ್ತಿದ್ದ. ಕಾರು ಊರ ಕಡೆ ಹೊರಳಿಸಲೇ ಎಂದು ಕೇಳಿದಾಗ ಹೂಂ ಅಂದ.

ಮಳೆಗಾಲ ಹಿಡಿದ ಮೇಲೆ ತಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಒಂದು ಮಧ್ಯಾಹ್ನ, ಅವ್ವ ಗಂಜಿ ಆರಿಸುತ್ತಿದ್ದಾಗ, ಅವನ ಉಸಿರು ನಿಂತಿತು. ಗಂಜಿಯ ಬಟ್ಟಲು ಹಿಡಿದುಕೊಂಡೇ ಅವಳು ಬಹಳ ಹೊತ್ತು ಕೂತಿದ್ದಳು.

ನಮ್ಮ ಕಾರಿನಲ್ಲೇ ಅವನನ್ನು ಊರಿಗೆ ತಂದೆ. ಹಿಂದಿನ ಸೀಟಿನಲ್ಲಿ ಅವ್ವ ಅವನನ್ನು ಒರಗಿಸಿಕೊಂಡು, ಹೊಂಡ ಬಂದಲ್ಲೆಲ್ಲ ಬಿಗಿಯಾಗಿ ತಬ್ಬಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ನಾನೇ ಕಣ್ಣು ಒರೆಸಿಕೊಳ್ಳುತ್ತಾ ಓಡಿಸಿದೆ. ಮನೆಯ ಮುಂದೆ ನೆಂಟರು, ಕೇರಿಯವರು ಸೇರಿದ್ದರು. ಬಾಗಿಲು ತೆಗೆದು, "ಇಳಿಯವ್ವ," ಅಂದೆ.

ಅವಳು ಇಳಿಯಲಿಲ್ಲ. "ಇನ್ನೊಂದೀಟು ದೂರ ಓಡಿಸಪ್ಪ," ಅಂದಳು.

ಹಿರಿಯರೊಬ್ಬರು ಏನೋ ಹೇಳಲು ಬಂದವರು ಹಿಂದೆ ಸರಿದರು. ಜನ ದಾರಿ ಬಿಟ್ಟರು. ಊರು ದಾಟಿ ಕೆರೆಯ ಏರಿಯ ಮೇಲೆ ಮೆಲ್ಲಗೆ ಹೋದೆ. ಹಿಂದಿನಿಂದ ಅವಳು ಅವನ ಕಿವಿಯಲ್ಲಿ ಏನೋ ಮಾತಾಡುತ್ತಿರುವುದು ಕೇಳುತ್ತಿತ್ತು. ಏನೆಂದು ತಿಳಿಯಲಿಲ್ಲ, ನಾನು ಮುಂದೆಂದೂ ಕೇಳಲೂ ಇಲ್ಲ. ಏರಿ ಮುಗಿಯುವಲ್ಲಿ ಅವಳ ಮಾತು ನಿಂತಿತು.

"ನಡಿ ಮಗ, ಮನೆಗೋಗಾನ," ಅಂದಳು.