ಚಿಪ್ಪಿ ಎಂದರೆ

ಇದನ್ನು ಹೇಳದೆ ಇಷ್ಟು ವರ್ಷ ತಳ್ಳಿಬಿಟ್ಟೆ. ಮೊನ್ನೆ ದುಬೈಯ ಮುರಕ್ಕಬಾತಿನಲ್ಲಿರುವ ಮಗನ ಮನೆಯಲ್ಲಿ ಹೆಂಡತಿ ಕಾಯಿ ತುರಿದು, ಖಾಲಿ ಗೆರಟೆಯನ್ನು ನನ್ನ ಕೈಗೆ ಕೊಟ್ಟು "ಕಸಕ್ಕೆ ಹಾಕಿ" ಎಂದಳು. ಹಾಕಲಾಗಲಿಲ್ಲ. ಹಸಿಕಾಯಿಯ ವಾಸನೆಯ ಹಿಂದೆಯೇ ಸಾಗುವಾನಿ ಹುಡಿಯ ವಾಸನೆ ಬಂದ ಹಾಗಾಯಿತು...

ಆಗ ನಾನು ಇಲ್ಲಿಯ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಮರದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲೇ ಬಡಗಿಯಾಗಿದ್ದ ಕಾರ್ಕಳ ಕಡೆಯ ಗೋವಿಂದ ಆಚಾರ್ರು ನನ್ನ ರೂಮಿನವರು, ವಯಸ್ಸಿನಲ್ಲಿ ಹಿರಿಯರು. ಕಿರಿಗುಟ್ಟುವ ನನ್ನ ಮಂಚವನ್ನು ಕೇಳದೆಯೇ ಸರಿಮಾಡಿಕೊಟ್ಟವರು.

ಇಂಗ್ಲೆಂಡಿನ ಫೋರ್‌ಮನ್ ದಿನಾ ಬೆಳಿಗ್ಗೆ ಅವರ ಬೆನ್ನು ತಟ್ಟಿ "ಮಾರ್ನಿಂಗ್, ಚಿಪ್ಪಿ!" ಎನ್ನುತ್ತಿದ್ದ. ಮರದಿಂದ ಹಾರುವ ಚಕ್ಕೆಗೆ ಅವರಲ್ಲಿ ಚಿಪ್ ಎನ್ನುತ್ತಾರೆ; ಅದರಿಂದ ಬಡಗಿಗೆ ಚಿಪ್ಪಿ ಎಂದು ಸಲಿಗೆಯ ಹೆಸರು. "ನಮ್ಮಜ್ಜನೂ ಚಿಪ್ಪಿಯೇ" ಎಂದು ಫೋರ್‌ಮನ್ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿದ್ದ.

ಆ ವಾರ ಆಚಾರ್ರು ಮೆಸ್ಸಿನಲ್ಲಿ ಎಲ್ಲರೆದುರು "ನಿಮ್ಮ ಇಂಗ್ಲಿಷಿಗೆ ಸ್ವಲ್ಪ ಕೀಸುಳಿ ಹಾಕ್ಬೇಕು ಮಾರಾಯ್ರೆ" ಎಂದು ನಗಿಸಿದ್ದರು; ಅದು ನನಗೆ ಚುಚ್ಚಿತ್ತು. ಮರುದಿನ ಬಂದು ಮೆಲ್ಲಗೆ ಕೇಳಿದರು: "ಅವ ನನ್ನನ್ನು ಚಿಪ್ಪಿ ಚಿಪ್ಪಿ ಅಂತಾನಲ್ಲ, ಎಂತ ಅದು?"

"ನಮ್ಮ ತುಳುವಿನ ಚಿಪ್ಪಿಯೇ, ಗೆರಟೆ. ಊರಿಗೆ ಹೋಗುವಾಗ ನಿಮ್ಮ ಕೈಗೆ ಅದನ್ನೇ ಕೊಡ್ತಾನಂತೆ" ಎಂದೆ.

ಆಚಾರ್ರು ಒಂದು ಗೆರಟೆಯನ್ನು ಕನ್ನಡಿಯಂತೆ ಉಜ್ಜಿ, ವಾರ್ನಿಷ್ ಕೊಟ್ಟು, ಫೋರ್‌ಮನ್ನನ ಮೇಜಿನ ಮೇಲೆ ಟಕ್ಕೆಂದು ಇಟ್ಟರು. ಅವನು ಹಿಗ್ಗಿಹೋದ. "ಬ್ಯೂಟಿಫುಲ್, ಚಿಪ್ಪಿ!" ಎಂದು ಅದರಲ್ಲಿ ಪೆನ್ಸಿಲ್ ಹಾಕಿಕೊಂಡ.

"ಚಿಪ್ಪು ಕೊಟ್ರೆ ಥ್ಯಾಂಕ್ಯೂ ಹೇಳ್ತಾನಲ್ಲ, ಎಂತ ಜನ ಮಾರಾಯ್ರೆ ಇದು!" ಎಂದರು ಆಚಾರ್ರು. ನಾನು ಸ್ಟೋರಿನ ಬಾಗಿಲು ಹಾಕಿಕೊಂಡು ನಕ್ಕೆ.

ಆಚಾರ್ರ ವೀಸಾ ರಿನ್ಯೂವಲ್ ಬಂತು. ಫೋರ್‌ಮನ್ ನನ್ನ ಬಾಯಲ್ಲೇ ಹೇಳಿಸಿದ: ಚಿಪ್ಪಿಯನ್ನು ಎಲ್ಲ ಬಡಗಿಗಳ ಮೇಲೆ ಮುಖ್ಯಸ್ಥ ಮಾಡುತ್ತೇನೆ, ಬಿಟ್ಟು ಹೋಗಬಾರದು. ಅಷ್ಟನ್ನು ನಾನು ಸರಿಯಾಗಿಯೇ ಹೇಳಿದೆ, ಚಿಪ್ಪಿ ಎಂಬ ಆ ಒಂದು ಶಬ್ದವನ್ನೂ ಸೇರಿಸಿ.

"ಅಂದ್ರೆ ಇನ್ನು ದೊಡ್ಡ ಚಿಪ್ಪಿಯಾ? ಬೇಡ, ಖಲಾಸ್. ಮಗಳು ಫೋನು ಮಾಡಿದಾಗ ಯಾರಾದ್ರೂ 'ಚಿಪ್ಪಿ, ಫೋನು' ಅಂದ್ರೆ ಅವಳು ಎಂತ ತಿಳ್ಕೊಳ್ಳುದು?" ಎಂದರು ಆಚಾರ್ರು.

ನಿಜ ಹೇಳುವ ನನ್ನ ಒಂದು ಮಾತು ಸಾಕಿತ್ತು. ಆದರೆ ಮೆಸ್ಸಿನವರು ಮತ್ತೆ ನನ್ನನ್ನು ನೋಡಿ ನಗುತ್ತಾರಲ್ಲ ಎಂದು ಬಾಯಿ ಬರಲಿಲ್ಲ. ಆಚಾರ್ರು ಉಳಿ, ಕೀಸುಳಿ ಕಟ್ಟಿಕೊಂಡು ಹೊರಟೇಹೋದರು. ಫೋರ್‌ಮನ್ ಆ ಗೆರಟೆ ಹಿಡಿದುಕೊಂಡು ಬಂದ. "ನಾನೇನು ತಪ್ಪು ಮಾಡಿದೆ?" ಎಂದ.

"ಹೋಮ್‌ಸಿಕ್, ಸರ್" ಎಂದೆ.

ಊರಿಗೆ ಹೋದಾಗಲೆಲ್ಲ ಕಾರ್ಕಳದ ಬಸ್ಸಿಗೆ ಕಾದು, ಹತ್ತದೆ ತಿರುಗಿ ಬಂದೆ. ಕಳೆದ ವರ್ಷ ಆ ಕಡೆಯವರೊಬ್ಬರು ಇಲ್ಲಿ ಸಿಕ್ಕಿ, ಆಚಾರ್ರು ತೀರಿಕೊಂಡದ್ದನ್ನು ಹೇಳಿದರು...

ಮೊನ್ನೆಯ ಆ ಗೆರಟೆಯನ್ನು ಉಜ್ಜುತ್ತಾ ಕೂತಿದ್ದೇನೆ. ನನ್ನ ಕೈಗೆ ಹೊಳಪು ಬರುವುದಿಲ್ಲ. ಹೆಂಡತಿ ಬಂದು ನೋಡಿದಳು.

"ಯಾರಿಗೆ ಇಷ್ಟು ಜೋಪಾನದಲ್ಲಿ?"

ಆಚಾರ್ರು ಎಂದಷ್ಟೇ ಕರೆದು ಅಭ್ಯಾಸವಾದ ನಾಲಿಗೆ ಸ್ವಲ್ಪ ತಡವರಿಸಿತು.

"ಗೋವಿಂದಣ್ಣನಿಗೆ" ಎಂದೆ.