ಗುಡಿಸಿ ತೆಗೆಯುವ ಸ್ಕ್ರಿಪ್ಟ್

ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆ. ಗೂಡು ಮಾರಿ ಬಂದ ಮರುದಿನವೇ ಅಮ್ಮ ಹುಳು ಮನೆ ತೊಳೆಯಲು ನಿಲ್ಲುತ್ತಾಳೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಬಿಸಿಲಿಗೆ, ಕಸವೆಲ್ಲ ದೂರದ ತಿಪ್ಪೆಗೆ, ಗೋಡೆ ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು. ಮೂಲೆಯಲ್ಲಿ ಒಣಗಿದ ಎಲೆ ಒಂದು ಉಳಿದಿದ್ದರೂ, "ಹಳೇ ಬೆಳೆ ರೋಗ ಹೊಸ ಬೆಳೆಗೆ ಅಂಟ್ಕೊಳ್ತದೆ ಕಣೇ" ಎಂದು ಮತ್ತೆ ಪೊರಕೆ ಕೈಗೆ ಕೊಡುತ್ತಾಳೆ. ಓದಿನಿಂದ ಬಂದದ್ದಕ್ಕಿಂತ ಈ ಪೊರಕೆಯಿಂದ ಬಂದ ಬುದ್ಧಿಯೇ ನನಗೆ ಹೆಚ್ಚು ಎಂದು ಬಹಳ ದಿನ ಜಂಬ ಕೊಚ್ಚಿಕೊಂಡಿದ್ದೆ.

ನಮ್ಮ ಆಫೀಸು ಚಿಕ್ಕಬಳ್ಳಾಪುರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಶಾಲೆಗಳ ಕಂಪ್ಯೂಟರಿಗೆ ಕನ್ನಡದಲ್ಲಿ ಬರೆಯುವ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಮಾಡುತ್ತೇವೆ. ಪ್ರೋಗ್ರಾಂ ಬರೆಯುವವರು ಬೇರೆ. ಅದನ್ನು ಕಂಪ್ಯೂಟರಿನಲ್ಲಿ ಕೂರಿಸುವ, ಬೇಡವಾದಾಗ ತೆಗೆಯುವ ಸಣ್ಣ ಸ್ಕ್ರಿಪ್ಟುಗಳು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಗಳು, ನನ್ನ ಪಾಲು. ಕೂರಿಸುವ ಮೊದಲು ಒಂದು, ಕೂರಿಸಿದ ಮೇಲೆ ಒಂದು, ತೆಗೆಯುವ ಮೊದಲು ಒಂದು, ತೆಗೆದ ಮೇಲೆ ಒಂದು. ಊಟ ಚೆನ್ನಾಗಿದ್ದರೆ ಹೊಗಳಿಕೆ ಅಡುಗೆಯವರಿಗೆ. ಎಲೆ ಎತ್ತುವವರನ್ನು ಯಾರೂ ಕೇಳುವುದಿಲ್ಲ. ಆದರೂ ಆ ನಾಲ್ಕನೆಯ ಸ್ಕ್ರಿಪ್ಟಿನ ಮೇಲೆ ನನಗೆ ಪ್ರೀತಿ. ಬೇರೆಯವರ ಪ್ರೋಗ್ರಾಂ ತೆಗೆದರೆ ಅಲ್ಲೊಂದು ಇಲ್ಲೊಂದು ಫೈಲು ಬಿದ್ದಿರುತ್ತಿತ್ತು. ನನ್ನದು ತೆಗೆದರೆ ಅದು ಇತ್ತು ಎಂಬ ಗುರುತೇ ಉಳಿಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೊದಲ ಸಲ ಹೊಸ ಆವೃತ್ತಿ ಕಳಿಸಿದೆವು. ಎರಡು ದಿನಕ್ಕೆ ಮಂಚೇನಹಳ್ಳಿ ಕಡೆಯ ಹೈಸ್ಕೂಲಿನ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಸಮಾಜ ವಿಜ್ಞಾನ ಹೇಳಿಕೊಡುವವರು, ಹುಟ್ಟಿನಿಂದ ಕಣ್ಣು ಕಾಣದವರು.

"ಏನಮ್ಮ, ಅಪ್‌ಡೇಟ್ ಅಂತ ಬಂತು, ಒತ್ತಿದೆ. ಈಗ ನನ್ನ ಪಾಠ ಒಂದೂ ಇಲ್ವಲ್ಲ."

"ಸರಿಯಾಗಿ ನೋಡಿ ಸರ್, ಇನ್ನೊಂದು ಫೋಲ್ಡರಲ್ಲಿ ಇರ್ತವೆ" ಎಂದೆ. ಯಾರಿಗೆ ನೋಡಿ ಎಂದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡೆ.

ಅವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. "ಎಲ್ಲಾ ಕಡೆ ಕೇಳಿಸ್ಕೊಂಡೆ. ಖಾಲಿ ಅಂತಾ ಇದೆ."

ಫೋನ್ ಇಟ್ಟು ಸ್ಕ್ರಿಪ್ಟ್ ತೆರೆದೆ. ಹಳೆಯ ಆವೃತ್ತಿಯ ಜಾಗಕ್ಕೆ ಹೊಸದು ಬರುವಾಗಲೂ ಕಂಪ್ಯೂಟರು ಹಳೆಯದರ ನಾಲ್ಕನೆಯ ಸ್ಕ್ರಿಪ್ಟನ್ನು ಕರೆಯುತ್ತದೆ. ಕರೆಯುವಾಗ, ಪೂರ್ತಿ ತೆಗೆಯುತ್ತಿದ್ದೇವೋ, ಬರೀ ಬದಲಾಯಿಸುತ್ತಿದ್ದೇವೋ ಎಂದು ಒಂದು ಪದದಲ್ಲಿ ಹೇಳುತ್ತದೆ. ನನ್ನ ಸ್ಕ್ರಿಪ್ಟ್ ಆ ಪದವನ್ನು ಕೇಳಲೇ ಇಲ್ಲ, ಬಂದದ್ದೇ ಗುಡಿಸಿತು. ಬಳಸುವವರು ಬರೆದದ್ದೆಲ್ಲ ಪ್ರೋಗ್ರಾಮಿನ ಫೋಲ್ಡರಿನಲ್ಲೇ ಇರುವಂತೆ ಮಾಡಿದವಳೂ ನಾನೇ. ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಗೊತ್ತಾಗಲಿಲ್ಲವೇ ಎಂದರೆ, ಅಲ್ಲಿನ ಕಂಪ್ಯೂಟರಿನಲ್ಲಿ ಯಾರೂ ಏನೂ ಬರೆದೇ ಇರಲಿಲ್ಲ. ಖಾಲಿ ಫೋಲ್ಡರು ಹೋಗಿ ಖಾಲಿ ಫೋಲ್ಡರು ಬಂದಿತ್ತು.

ಉಳಿದ ಶಾಲೆಗಳಿಗೆ ಒತ್ತಬೇಡಿ ಎಂದು ಫೋನ್ ಮಾಡಿಸಿ, ಮರುದಿನ ಗೌರಿಬಿದನೂರಿನ ಬಸ್ಸು ಹತ್ತಿ ಮಂಚೇನಹಳ್ಳಿಯಲ್ಲಿ ಇಳಿದೆ. ಮೇಷ್ಟ್ರು ಲ್ಯಾಬಿನಲ್ಲಿ ಕಾಯುತ್ತಿದ್ದರು. ಅಳಿಸಿದ್ದನ್ನು ಮರಳಿ ತರುವ ಉಪಾಯಗಳನ್ನೆಲ್ಲ ಮಧ್ಯಾಹ್ನದವರೆಗೆ ಮಾಡಿದೆ. ಒಂದೂವರೆ ಪಾಠ ಸಿಕ್ಕಿತು. ಉಳಿದವು ಮೂವತ್ತಕ್ಕೂ ಹೆಚ್ಚು, ಮೂರು ವರ್ಷದಲ್ಲಿ ಒಂದೊಂದಾಗಿ ಬರೆದವು. ಯಾವ ಪುಟದಲ್ಲಿ ಯಾವ ನಕ್ಷೆ, ಯಾವ ಇಸವಿ, ಎಲ್ಲಿ ಮಕ್ಕಳು ತಪ್ಪುತ್ತಾರೆ, ಎಲ್ಲವೂ ಅವುಗಳಲ್ಲಿತ್ತು. ಒಂದು ಕಿವಿಗೆ ಇಯರ್‌ಫೋನ್ ಹಾಕಿ ಅವನ್ನು ಕೇಳಿಸಿಕೊಳ್ಳುತ್ತ ಅವರು ಪಾಠ ಮಾಡುತ್ತಿದ್ದರು.

"ಹತ್ತನೇ ಕ್ಲಾಸು ಕೊಡಿ ಅಂತ ಎಷ್ಟು ವರ್ಷ ಕೇಳಿದೀನಿ ಗೊತ್ತಾ? ಈ ವರ್ಷ ಕೊಟ್ರು. ಈಗ ರಿವಿಷನ್ ಹೊತ್ತಲ್ಲಿ ಹಿಂಗಾಯ್ತು. ಹತ್ತು ದಿನ ನೋಡ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದಾರೆ ಹೆಡ್‌ಮಾಸ್ಟ್ರು."

ನಾನು ಕ್ಷಮೆ ಕೇಳಲು ಶುರು ಮಾಡಿದೆ. ಕಾರಣಗಳನ್ನೂ ಸೇರಿಸಿದೆನೋ ಏನೋ, ಮಾತು ಉದ್ದವಾಯಿತು. ಅವರು ಪುಸ್ತಕ ನನ್ನ ಕಡೆ ತಳ್ಳಿದರು.

"ಓದಿ. ನಾನು ಬರ್ಕೊಳ್ತೀನಿ."

ರಜೆ ಹಾಕಿದೆ. ದಿನವೂ ಶಾಲೆ ಬಿಟ್ಟ ಮೇಲೆ ಕಡೆಯ ಬಸ್ಸಿನ ಹೊತ್ತಿನ ತನಕ ಓದಿದೆ. ನಾನು ಓದುವ ಪರಿ ಅವರಿಗೆ ಹಿಡಿಸಲಿಲ್ಲ. "ಪಂಚಾಂಗ ಓದಿದಂಗೆ ಓದ್ಬೇಡಿ" ಎನ್ನುತ್ತಿದ್ದರು. ಮೂರನೆಯ ದಿನಕ್ಕೆ ನೀವು ಹೋಗಿ ನೀನು ಬಂತು. ಕೆಲವೊಮ್ಮೆ ಬೆರಳು ನಿಲ್ಲಿಸಿ, "ಇಲ್ಲೊಂದು ಒಳ್ಳೆ ಮಾತು ಬರೆದಿದ್ದೆ, ಏನದು" ಎಂದು ಸ್ವಲ್ಪ ಹೊತ್ತು ಯೋಚಿಸಿ, ನೆನಪಾಗದೆ ಮುಂದಕ್ಕೆ ಹೋಗುತ್ತಿದ್ದರು. ಆಗೆಲ್ಲ ನಾನು ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದೆ.

ನಡುವೆ ಬಂದ ಭಾನುವಾರ ಊರಿಗೆ ಹೋದೆ. ಹುಳು ಎರಡನೇ ಸಲ ಪೊರೆ ಬಿಟ್ಟು, ಅಂದರೆ ಎರಡನೇ ಜ್ವರ ಎದ್ದು, ಸೊಪ್ಪು ತಿನ್ನುತ್ತಿತ್ತು. ಅಮ್ಮ ಹಾಸು ಬದಲಿಸುತ್ತಿದ್ದಳು. ಹುಳುಗಳ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಹೊಸ ಸೊಪ್ಪು ಹಾಕಿ, ಸುಮ್ಮನೆ ಕೂತಿದ್ದಳು. ಹಸಿದ ಹುಳು ಬಲೆಯ ಕಣ್ಣುಗಳಿಂದ ಮೇಲೆ ಹತ್ತಿದ ಮೇಲೆ ಬಲೆ ಎತ್ತಿ, ಕೆಳಗಿನ ಕಸ ತೆಗೆಯುತ್ತಾರೆ.

ಎಂಟು ವರ್ಷದವಳಿದ್ದಾಗಿನಿಂದ ಆ ಬಲೆಯ ಒಂದು ತುದಿ ಹಿಡಿದವಳು ನಾನು. ನಡೆದದ್ದನ್ನು ಹೇಳಿದೆ. ಅಮ್ಮನಿಗೆ ಕಂಪ್ಯೂಟರು ತಿಳಿಯದು, ಆದರೆ ನನ್ನ ತಪ್ಪು ತಿಳಿಯಿತು.

"ಹುಳ ಇದ್ದಂಗೇ ಮನೆ ತೊಳ್ದುಬಿಟ್ಟೆಯಾ? ಅಯ್ಯೋ ದೇವುಡಾ" ಎಂದಳು. ಆಮೇಲೆ ಬಲೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಒಂಬತ್ತನೆಯ ದಿನ ಕೊನೆಯ ಪಾಠ ಮುಗಿಯಿತು. ಹತ್ತನೇ ತರಗತಿ ಅವರಲ್ಲೇ ಉಳಿಯಿತು. ನಾನು ಸ್ಕ್ರಿಪ್ಟನ್ನು ಹೊಸದಾಗಿ ಬರೆದೆ. ಈಗ ಅದು ಮೊದಲು ಆ ಪದವನ್ನು ಕೇಳುತ್ತದೆ. ಪ್ರೋಗ್ರಾಂ ಪೂರ್ತಿ ತೆಗೆದರೂ ಜನ ಬರೆದದ್ದನ್ನು ಮುಟ್ಟುವುದಿಲ್ಲ, ಅಲ್ಲೇ ಬಿಟ್ಟು ಹೋಗುತ್ತದೆ. ನೋಡುವವರಿಗೆ ಅದು ಕಸದಂತೆ ಕಂಡರೆ ಕಾಣಲಿ.

ಆ ಆವೃತ್ತಿಯನ್ನು ಅವರ ಶಾಲೆಗೆ ನಾನೇ ತೆಗೆದುಕೊಂಡು ಹೋದೆ. ಅಲ್ಲಿ ಈಗಾಗಲೇ ಕೂತಿದ್ದ ನಾಲ್ಕನೆಯ ಸ್ಕ್ರಿಪ್ಟನ್ನು ಮೊದಲು ಕೈಯಿಂದಲೇ ತಿದ್ದಿದೆ. "ಈ ಸಲ ಏನೂ ಹೋಗಲ್ಲ ಸರ್. ಒತ್ತಿ" ಎಂದೆ.

ಅವರು ಬೆರಳನ್ನು ಕೀಲಿಯ ಮೇಲಿಟ್ಟರು, ಒತ್ತಲಿಲ್ಲ. ಅಂಗಿಯ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

"ಬೇಜಾರು ಮಾಡ್ಕೋಬೇಡಮ್ಮ. ಇದರಲ್ಲೊಂದು ಕಾಪಿ ಇದೆ, ಮನೇಲಿ ಇನ್ನೊಂದಿದೆ. ಈಗ ನೀನೇ ಒತ್ತು."

ಬೇಜಾರಾಯಿತು. ಗಂಟಲು ಒಣಗುವಷ್ಟು ಓದಿದ್ದೆನಲ್ಲ, ಅಷ್ಟಕ್ಕೆ ನಂಬಿಕೆಯೂ ಮರಳಿ ಬಂದಿರುತ್ತದೆ ಎಂದುಕೊಂಡಿದ್ದೆ. ಒತ್ತಿದೆ. ಹಳೆಯದು ಹೋಗಿ ಹೊಸದು ಬಂದು ಕೂತಿತು. ಅವರು ಇಯರ್‌ಫೋನ್ ಹಾಕಿಕೊಂಡು ಒಂದನೆಯ ಪಾಠ ತೆರೆದು, ಮೊದಲ ಸಾಲು ಕೇಳಿ ಮುಚ್ಚಿದರು. ಎರಡನೆಯದು ತೆರೆದರು. ಆಮೇಲೆ ಮೂರನೆಯದು.

"ಎಲ್ಲಾ ಇದಾವೆ ಸರ್" ಎಂದೆ.

ಸುಮ್ಮನಿರು ಎಂದು ಕೈ ಎತ್ತಿದರು. ಕೊನೆಯ ಪಾಠದವರೆಗೂ ಒಂದೊಂದನ್ನೇ ತೆರೆದು ಕೇಳಿದರು. ಅವರು ಕೇಳಿ ಮುಗಿಸುವ ತನಕ ನಾನು ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದೆ.