ಕೀ ಅಂದರೆ ಟೀ

ನನ್ನ ಅತ್ತೆ, ಅಪ್ಪನ ತಂಗಿ, ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಮಂಡಿಯವರು ಅವಳಿಗಿಟ್ಟ ಹೆಸರು ಮೈಕಮ್ಮ, ಯಾಕೆಂದರೆ ಅವಳಿಗೆ ಮೈಕು ಬೇಕಿರಲಿಲ್ಲ. ಮರದ ಹಲಗೆಯ ಮೇಲೆ ನಿಂತು ಬಾಯಿ ತೆರೆದರೆ, ಗೇಟಿನಾಚೆ ಲಾರಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಅಂಥವಳ ನಾಲಿಗೆಯ ಬುಡದಲ್ಲಿ ಗಂಟೊಂದು ಎದ್ದಿತು. ಡಾಕ್ಟರು ಗಂಟು ತೆಗೆದು ಜೀವ ಉಳಿಸಿದರು, ಅದಕ್ಕೆ ಅವರಿಗೆ ಕೈ ಮುಗಿಯುತ್ತೇನೆ. ಆದರೆ ಆಮೇಲೆ ನಾಲಿಗೆಯ ಹಿಂಭಾಗ ಮೇಲೇಳಲೇ ಇಲ್ಲ. ಅಲ್ಲಿ ಹುಟ್ಟುವ ಕ ಮತ್ತು ಗ ಎರಡೂ ಹೋದವು. ಕ ಇದ್ದಲ್ಲಿ ತ ಬಂತು, ಗ ಇದ್ದಲ್ಲಿ ದ ಬಂತು.

ಮೊದಮೊದಲು ಮನೆಯಲ್ಲಿ ನಗುವೋ ನಗು. ಕಾಳು ಬೇಯಿಸು ಅನ್ನಲು ಹೋಗಿ ತಾಳು ಬೇಯಿಸು ಅನ್ನುತ್ತಿದ್ದಳು. "ಎಷ್ಟು ಹೊತ್ತು ತಾಳಲಿ?" ಎಂದು ಮಾವ ಕೇಳುತ್ತಿದ್ದರು. ಮಾವ ಟೈಲರ್, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ತಮಾಷೆ ಮಾಡುವ ಮನುಷ್ಯ. ಯಾರಿಗೋ ಅತ್ತೆ ಅವರನ್ನು "ಇವರು ನನ್ನ ದಂಡ" ಎಂದು ಪರಿಚಯಿಸಿದಾಗ, "ಮದುವೆಯಾದಾಗಿಂದ ಮನಸ್ಸಲ್ಲಿತ್ತು, ಈಗ ಬಾಯಿಗೆ ಬಂತು" ಎಂದರು.

ಅತ್ತೆ ನಗಲಿಲ್ಲ. ಮಂಡಿಯ ಯಜಮಾನರು ಅವಳ ಹಲಗೆಯನ್ನು ತಮ್ಮ ಭಾವಮೈದುನನಿಗೆ ಕೊಟ್ಟು, ಜೊತೆಗೊಂದು ಮೈಕನ್ನೂ ಕೊಟ್ಟಿದ್ದರು. "ಕ ಬಂದ ದಿನ ಬಾರಮ್ಮ, ಜಾಗ ನಿಂದೇ" ಎಂದು ಹೇಳಿ ಕಳಿಸಿದ್ದರು. ಪ್ರಾಯವೆಲ್ಲ ಆ ಹಲಗೆಯ ಮೇಲೆ ಕಳೆದವಳಿಗೆ ನೆಲದ ಮೇಲೆ ಸುಮ್ಮನೆ ನಿಲ್ಲುವುದು ಗೊತ್ತಿರಲಿಲ್ಲ.

ಹಾಗಾಗಿ ನಾವಿಬ್ಬರೂ ಆಸ್ಪತ್ರೆಯ ಮಾತಿನ ಟೀಚರ್ ಹತ್ತಿರ ಹೋಗತೊಡಗಿದೆವು. ಇಕ್ಕಟ್ಟಾದ ಕೋಣೆ, ಒಂದು ಮೇಜು, ಗೋಡೆಗೊಂದು ಕನ್ನಡಿ. ಟೀಚರ್ ಎಳೆಯ ಹುಡುಗಿ, ಒಳ್ಳೆಯವಳು. ಆದರೆ ಅವಳು ಕಲಿತದ್ದು ಇಂಗ್ಲಿಷಿನಲ್ಲಿ, ಅವಳ ಕಾರ್ಡುಗಳೂ ಇಂಗ್ಲಿಷಿನವೇ. ಒಂದೊಂದರ ಮೇಲೂ ಎರಡು ಚಿತ್ರ, ಕೆಳಗೆ ಎರಡು ಪುಟಾಣಿ ಪದ. ಬೀಗದ ಕೈ ಮತ್ತು ಚಹಾ: ಕೀ, ಟೀ. ಟೋಪಿ ಮತ್ತು ನಲ್ಲಿ: ಕ್ಯಾಪ್, ಟ್ಯಾಪ್. ಪೊಲೀಸಿನವನು ಮತ್ತು ಬುಗುರಿ: ಕಾಪ್, ಟಾಪ್. ಬೆನ್ನು ಮತ್ತು ಬಾವಲಿ: ಬ್ಯಾಕ್, ಬ್ಯಾಟ್.

"ಒಂದೇ ಒಂದು ಸದ್ದು ಬದಲಾದ್ರೆ ಅರ್ಥಾನೇ ಬದಲಾಗತ್ತೆ ಅಮ್ಮ. ಎಲ್ಲಿ, ಇದೇನು ಹೇಳಿ," ಎಂದು ಟೀಚರ್ ಬೀಗದ ಕೈ ಮೇಲೆ ಬೆರಳಿಟ್ಟಳು.

"ಟೀ," ಎಂದಳು ಅತ್ತೆ. ಇಂಗ್ಲಿಷ್ ಪದವಾದರೆ ತ ಬದಲು ಟ, ದ ಬದಲು ಡ ಬರುತ್ತಿತ್ತು. ಅಷ್ಟು ಕೆಟ್ಟ ನಾಲಿಗೆಯೂ ಭಾಷೆಗಳ ಮರ್ಯಾದೆ ಬಿಟ್ಟಿರಲಿಲ್ಲ.

ಇಲ್ಲೊಂದು ಮಾತು. ಅತ್ತೆ ಆಡಿದ್ದನ್ನು ನಾನು ತಿದ್ದಿ ಬರೆಯುವುದಿಲ್ಲ. ತ ಕಂಡಲ್ಲಿ ಕ ಇರಬಹುದು, ದ ಕಂಡಲ್ಲಿ ಗ ಇರಬಹುದು. ಓದುವವರು ಅಷ್ಟು ಕಷ್ಟಪಡಲಿ.

"ನೀವು ಚಹಾ ಅಂತಿದೀರ ಅಮ್ಮ."

"ತಪ್ಪು ಹೇಳಿದ್ರೂ ಅರ್ಥ ಬರುತ್ತಲ್ಲ. ಮತ್ತೆ ತಪ್ಪು ಹೇದೆ?"

ಅತ್ತೆ ಕಾರ್ಡುಗಳನ್ನು ಮೇಜಿನ ತುಂಬ ಹರಡಿದಳು. ಲಾರಿ ನಂಬರು ಓದಿ ಓದಿ ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಕ ಸದ್ದಿಗೆ ಕೀಯಲ್ಲಿ ಒಂದು ಅಕ್ಷರ, ಕ್ಯಾಪಿನಲ್ಲಿ ಇನ್ನೊಂದು. ಬ್ಯಾಕಿನ ಕೊನೆಯಲ್ಲಿ ಎರಡೂ ಒಟ್ಟಿಗೆ ನಿಂತಿದ್ದವು. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು.

"ಒಂದು ಸದ್ದು ಹೊರೋದು ಇಷ್ಟು ಜನಾನಾ? ಇವರ ಹತ್ರ ಇಷ್ಟೊಂದು ಬಿದ್ದಿದೆ, ನನದೊಂದು ತೊಟ್ಟರೆ ಏನು ಹೋದುತ್ತೆ?"

ಟೀಚರ್ ನಕ್ಕಳು, ಆಮೇಲೆ ಚಮಚದಿಂದ ಅತ್ತೆಯ ನಾಲಿಗೆಯ ತುದಿಯನ್ನು ಅದುಮಿ ಹಿಡಿದಳು. ತುದಿ ಏಳದಂತೆ ಮಾಡಿದರೆ ಹಿಂಭಾಗ ಏಳುತ್ತದೆಯಂತೆ. ಅತ್ತೆ ಕನ್ನಡಿ ನೋಡುತ್ತಾ ಬೆವರಿದಳು. ಟೀ, ಟ್ಯಾಪ್, ಟಾಪ್, ಬ್ಯಾಟ್. ಒಂದು ದಿನ ಚಮಚವನ್ನು ಕೈಯಿಂದ ಸರಿಸಿ ಹೇಳಿದಳು: "ತಳೆದಿದ್ದು ತನ್ನಡದಲ್ಲಿ. ಇಂಡ್ಲಿಷಿನಲ್ಲಿ ಹುಡುತಿದ್ರೆ ಸಿದುತ್ತಾ?"

ಮುಂದಿನ ಸಲ ಹೋದಾಗ ಟೀಚರ್ ತಾನೇ ಹೊಸ ಕಾರ್ಡು ಬರೆದಿಟ್ಟಿದ್ದಳು. ಕೊಳೆ, ತೊಳೆ. ಕಲೆ, ತಲೆ. ಚಿತ್ರಗಳು ಅಂಕುಡೊಂಕು, ಆದರೂ ಪ್ರೀತಿಯಿಂದ ಬಿಡಿಸಿದ್ದಳು. ಅತ್ತೆ ಕೊಳೆಯನ್ನೂ ತೊಳೆ ಅಂದಳು, ಕಲೆಯನ್ನೂ ತಲೆ ಅಂದಳು. ವಾರಗಳು ಹೋದವು. ಕೊನೆಗೊಂದು ಮಧ್ಯಾಹ್ನ ಟೀಚರ್ ಕಾರ್ಡುಗಳನ್ನು ಜೋಡಿಸಿ ಪಕ್ಕಕ್ಕಿಟ್ಟಳು.

"ಗಾಯ ಗಟ್ಟಿಯಾಗ್ಬಿಟ್ಟಿದೆ ಅಮ್ಮ. ಕ ಇನ್ನು ಬರಲ್ಲ ಅನ್ಸತ್ತೆ. ಸುಳ್ಳು ಹೇಳಿ ನಿಮ್ಮನ್ನ ಓಡಾಡಿಸೋಕೆ ನನಗಿಷ್ಟ ಇಲ್ಲ."

ಬಸ್ಸಿನಲ್ಲಿ ಅತ್ತೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿ ಬಂತು, ಯಾರ ಮೇಲೆ ತೋರಿಸುವುದೆಂದು ಮಾತ್ರ ತಿಳಿಯಲಿಲ್ಲ. ಇಳಿಯುವ ಹೊತ್ತಿಗೆ ಅವಳು ತೋಳಿನಿಂದ ಮುಖ ಒರೆಸಿಕೊಂಡು, "ನಾಳೆ ಬೆಳಿದ್ದೆ ಮಂಡಿದೆ ಬಾ" ಎಂದಳು.

ಬೆಳಿಗ್ಗೆ ನಾವು ಹೋದಾಗ ಯಜಮಾನರ ಭಾವಮೈದುನ ಮೈಕಿಗೆ ಹಲೋ ಹಲೋ ಅನ್ನುತ್ತಿದ್ದ. ಅತ್ತೆ ನೇರ ಹೋಗಿ ಹಲಗೆ ಹತ್ತಿದಳು. ಪಾಪ, ಅವನು ಗಾಬರಿಯಾಗಿ ತಾನೇ ಇಳಿದ.

"ಬದನೆತಾಯಿ," ಎಂದು ಕೂಗಿದಳು ಅತ್ತೆ. "ಹತ್ತು ಮೂಟೆ ಬದನೆತಾಯಿ."

ಮಂಡಿಯೆಲ್ಲ ಗೊಳ್ಳೆಂದಿತು. ಮುಂದಿನ ಸಾಲಿನ ದಪ್ಪ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು, "ತಾಯಿನ ಯಾಕಮ್ಮ ಮಾರ್ತೀಯ? ನಮ್ಮನೇಲೂ ಒಬ್ಬಳಿದಾಳೆ, ಅವಳೇ ಸಾಕು" ಎಂದ.

ನನ್ನ ಕಿವಿ ಬಿಸಿಯಾಯಿತು. ಅತ್ತೆಯ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಅವಳು ನಿನ್ನ ಸಾತಿದ್ದೇ ತಪ್ಪು. ಮೂಟೆ ಬೇತಾ, ಬೇಡ್ವಾ?"

ಈಗ ನಗು ಅವನ ಕಡೆ ತಿರುಗಿತು. ಮುಖ ಉಳಿಸಿಕೊಳ್ಳಲು ಅವನು ಒಂದು ಬೆಲೆ ಕೂಗಿದ. ಹಿಂದಿನಿಂದ ಇನ್ನೊಬ್ಬ ಏರಿಸಿದ, ಎಡಗಡೆಯಿಂದ ಮತ್ತೊಬ್ಬ. ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಎಂದು ಅತ್ತೆ ಚಪ್ಪಾಳೆ ತಟ್ಟಿ ಹತ್ತೂ ಮೂಟೆ ಮುಗಿಸಿದಳು. ಅಷ್ಟರಲ್ಲಿ ಯಜಮಾನರು ಆಫೀಸಿನಿಂದ ಹೊರಗೆ ಬಂದರು.

"ಏನಮ್ಮ ಇದು ನಗೆಪಾಟಲು? ಇಳಿ ಕೆಳಗೆ. ಕ ಬಂದ್ಮೇಲೆ ಬಾ ಅಂದಿದ್ನಲ್ಲ."

ಅತ್ತೆ ಹಲಗೆಯ ಮೇಲಿಂದಲೇ ಅವರನ್ನು ನೋಡಿದಳು.

"ತ ಬರಲ್ಲ," ಎಂದಳು. "ನಾನು ಬಂದಿದೀನಿ."

ಹಾಗೆಂದು ಹಮಾಲಿಯ ಕಡೆ ತಿರುಗಿ, "ಹೀರೇತಾಯಿ ತಾ" ಎಂದಳು. ಹಮಾಲಿ ಬೆನ್ನ ಮೇಲೆ ಮೂಟೆ ಹೊತ್ತು ನಿಂತೇ ಇದ್ದ. ಯಜಮಾನರ ಮುಖ ನೋಡಿದ, ಅವರು ಏನಾದರೂ ಹೇಳಲಿ ಎಂದು ಕಾದ. ಆಮೇಲೆ ನಡೆದು ಬಂದು ಮೂಟೆಯನ್ನು ಅತ್ತೆಯ ಹಲಗೆಯ ಮುಂದೆ ಇಳಿಸಿದ.